ಲೈಟರ್ ಬೆಳಕಿನ ಪ್ರೇಮಗೀತೆ

ನನ್ನ ಶಿಫಾನ್ ದುಪಟ್ಟಾಕ್ಕೆ ಬೆಂಕಿ ಹತ್ತಿದಾಗ ನನ್ನ ಗಂಡ ರೋನಿ ಎದುರಲ್ಲೇ ಕಣ್ಣು ಮುಚ್ಚಿ ಹಾಡುತ್ತಿದ್ದರು.

ಗಲ್ಫಿನ ಅಲ್ ರೀಮ್ ಐಲ್ಯಾಂಡಿನ ಫ್ಲ್ಯಾಟೊಂದರಲ್ಲಿ ಶುಕ್ರವಾರ ಮಧ್ಯಾಹ್ನ ಅವರ ಮಂಗಳೂರಿನ ಕಾಲೇಜು ಗೆಳೆಯರೆಲ್ಲ ಸೇರಿದ್ದರು. ಉದ್ದ ಕೂದಲು ಬಿಟ್ಟು, ಕಣ್ಣಿಗೆ ಕಾಡಿಗೆ ಬಳಿದುಕೊಂಡು ಕುಣಿಯುತ್ತಿದ್ದ ಎಂಬತ್ತರ ದಶಕದ ಮೆಟಲ್ ರಾಕ್ ಬ್ಯಾಂಡೊಂದರ ಆ ಪ್ರೇಮಗೀತೆ ಶುರುವಾದರೆ ಎಲ್ಲರೂ ಲೈಟರ್ ಹೊತ್ತಿಸಿ ಎತ್ತಿ ಹಿಡಿಯಬೇಕು. ಮೊಬೈಲ್ ಟಾರ್ಚ್ ಅವರಿಗೆ ನಡೆಯುವುದಿಲ್ಲ. ಹಿಂದೆ ನಿಂತ ಯಾರದೋ ಲೈಟರ್ ನನ್ನ ಹೆಗಲಿಗೆ ತಾಗಿತು.

ಉರಿಯುವ ದುಪಟ್ಟಾವನ್ನು ಬರಿಗೈಯಲ್ಲಿ ಎಳೆದು ಹಾಕಿ ತುಳಿದವಳು ಅದೇ ಗೆಳೆಯರ ಗುಂಪಿನ ಗ್ಲ್ಯಾಡಿಸ್. ಕಾಲೇಜಿನಲ್ಲಿ ರೋನಿ ಆ ಹಾಡು ಹಾಡುತ್ತಿದ್ದದ್ದು ಅವಳಿಗಾಗಿ ಎಂದು ನನಗೆ ಗೊತ್ತಿತ್ತು.

"ಅವನಿಗೆ ಬೈಬೇಡ ಮಾರಾಯ್ತಿ," ಎಂದು ಅವಳು ನಕ್ಕಳು. "ಈ ಹಾಡು ಹಾಡುವಾಗ ಅವನಿಗೆ ಎಂತ ಸಹ ಕಾಣುದಿಲ್ಲ. ಕಾಲೇಜಲ್ಲಿ ಒಮ್ಮೆ ಸ್ಟೇಜಿಂದಲೇ ಬಿದ್ದಿದ್ದಾನೆ!"

ಆ ಕಥೆಯನ್ನು ರೋನಿ ನನಗೆ ಎಂದೂ ಹೇಳಿರಲಿಲ್ಲ.

ಒಲೆ ಹೊತ್ತಿಸುವ ಮೊದಲು ಈಗಲೂ ನಾನು ದುಪಟ್ಟಾ ತೆಗೆದು ದೂರ ಇಡುತ್ತೇನೆ. ಜೀವ ಉಳಿಸಿದವಳೆಂದು ದಿನವೂ ಪ್ರಾರ್ಥನೆಯಲ್ಲಿ ಗ್ಲ್ಯಾಡಿಸಳನ್ನು ನೆನೆಯುತ್ತೇನೆ. ಆದರೆ ಅವಳನ್ನು ಊಟಕ್ಕೆ ಕರೆಯೋಣ ಎಂದು ರೋನಿ ಹೇಳಿದಾಗಲೆಲ್ಲ ನನಗೆ ಬೇರೇನಾದರೂ ಕೆಲಸ ಬಂದುಬಿಡುತ್ತದೆ.