ಕೆಂಪು ಶಾಯಿಯ ಒಟ್ಟು

ಕೊಡಗಿನಲ್ಲಿ ಬ್ರಿಟಿಷರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನಾನು ಹುದಿಕೇರಿ ಕಡೆಯ ಒಂದು ಸಾರ್ವಜನಿಕ ಪುಸ್ತಕಾಲಯದ ಗುಮಾಸ್ತ; ಊರವರ ಬಾಯಲ್ಲಿ ‘ರೈಟರು’. ಬೀಗ ತೆಗೆಯುವುದು, ಥಂಡಿ ಹಿಡಿಯದಂತೆ ಕಪಾಟಿನ ಬಳಿ ಕೆಂಡದ ಅಗ್ಗಿಷ್ಟಿಕೆ ಇಡುವುದು, ಯಾರು ಬಂದರು, ಎಷ್ಟು ಪುಟ ಓದಿದರು, ಎಷ್ಟು ಬರೆದುಕೊಂಡರು ಎಂದು ರಿಜಿಸ್ಟರಿನಲ್ಲಿ ಗುರುತು ಹಾಕುವುದು ನನ್ನ ಕೆಲಸ. ತಿಂಗಳ ಕೊನೆಗೆ ಕೆಂಪು ಶಾಯಿಯಲ್ಲಿ ಒಟ್ಟು ಹಾಕುತ್ತಿದ್ದೆ. ಅದನ್ನು ಯಾರೂ ಕೇಳಿರಲಿಲ್ಲ. ಕಾಲಂ ಖಾಲಿ ಬಿಡಲು ನನಗೇ ಮನಸ್ಸು ಬರುತ್ತಿರಲಿಲ್ಲ.

ನಮ್ಮಲ್ಲಿ ಮುನ್ನೂರ ಹನ್ನೆರಡು ಪುಟದ ಒಂದು ಹಸ್ತಪ್ರತಿ ಇತ್ತು. ಶಾಲೆಯ ಮಾಸ್ತರರೊಬ್ಬರು ತಮ್ಮ ಹೆಂಡತಿ ಹಾಡುತ್ತಿದ್ದ, ನಮ್ಮ ಕಡೆಯ ಗೌಡರ ಮನೆಮಾತಾದ ಅರೆಭಾಷೆಯ ಮದುವೆ ಹಾಡು, ಜೋಗುಳಗಳನ್ನು ಸೇರಿಸಿ ನಮಗೆ ಕೊಟ್ಟಿದ್ದರು. ಅವರಿಗೆ ಕಣ್ಣು ಕಾಣಿಸದಾದ ಮೇಲೆ ಅವರು ಹೇಳಿದಂತೆ ಬರೆದವಳು ಮಗಳು ದೇವಕ್ಕ. ಗಂಡ ಹೆಂಡಿರಿಬ್ಬರೂ ತೀರಿಕೊಂಡಿದ್ದರು. ಆಸ್ತಿಯ ಜೊತೆ ಬರಹದ ಹಕ್ಕೂ ಉಯಿಲಿನ ಪ್ರಕಾರ ಮಾಸ್ತರರ ಅಣ್ಣನ ಮಗ ಸೋಮಯ್ಯನದಾಗಿತ್ತು. ಅವನಿಗೆ ಅಚ್ಚು ಹಾಕಿಸುವ ಯೋಚನೆಯೂ ಇರಲಿಲ್ಲ, ಯಾರಿಗಾದರೂ ಕೊಡುವ ಮನಸ್ಸೂ ಇರಲಿಲ್ಲ.

ಪುಟಗಳಿಗೆ ಹುಳ ಹಿಡಿದದ್ದನ್ನು ನೋಡಿ ದೇವಕ್ಕ ಪ್ರತಿ ಮಾಡಿಕೊಳ್ಳುತ್ತೇನೆ ಎಂದಳು. ಆಗ ಇದ್ದದ್ದು ಹದಿನಾಲ್ಕನೇ ಇಸವಿಯ ಕಾಪಿರೈಟ್ ಕಾಯಿದೆ. ಸ್ವಂತ ಅಧ್ಯಯನಕ್ಕೆ ಒಂದಿಷ್ಟು ಬರೆದುಕೊಳ್ಳಬಹುದಿತ್ತು; ಹಾಳಾಗುತ್ತಿರುವ ಬರಹವನ್ನು ಉಳಿಸಲು ಪೂರ್ತಿ ಪ್ರತಿ ತೆಗೆಯುವ ವಿನಾಯಿತಿ ಪುಸ್ತಕಾಲಯಕ್ಕೂ ಇರಲಿಲ್ಲ. ದಿನಕ್ಕೆ ನಾಲ್ಕೇ ಪುಟವಾದರೆ ಅಡ್ಡಿಯಿಲ್ಲ ಎಂದು ನಾನೇ ಉಪಾಯ ಹೇಳಿಕೊಟ್ಟೆ. ಎಪ್ಪತ್ತು ದಿನ ಬಂದಳು.

ಎಪ್ಪತ್ತೊಂದನೆಯ ದಿನ ದೇವಕ್ಕ ತಾನು ಬರೆದ ಹಾಳೆಗಳ ಕಟ್ಟು ಬಿಚ್ಚುವ ಮೊದಲೇ ಸೋಮಯ್ಯ ನಮ್ಮ ಕಾರ್ಯದರ್ಶಿಯನ್ನು ಕರೆದುಕೊಂಡು ಬಂದ. ಕಾರ್ಯದರ್ಶಿ ವಕೀಲರು. ನಾಲ್ಕು ಪುಟ ಸ್ವಂತ ಅಧ್ಯಯನವೇ ಆಗುತ್ತದೆ ಎಂದು ಅವರು ಅವನನ್ನು ಸಮಾಧಾನ ಮಾಡುತ್ತಲೇ ರಿಜಿಸ್ಟರ್ ತಿರುವಿದರು. ನನ್ನ ಒಟ್ಟುಗಳು ಸಿಕ್ಕವು. ತಿಂಗಳುಗಳನ್ನು ಕೂಡಿದರೆ ಇನ್ನೂರ ಎಂಬತ್ತು ಪುಟ. ಇದು ಅಧ್ಯಯನವಲ್ಲ, ಇಡೀ ಪುಸ್ತಕ, ಕೇಸು ನಿಲ್ಲುತ್ತದೆ ಎನ್ನುವಾಗ ಅವರ ಮುಖ ಇಳಿಯಿತು.

ಮೂಲವನ್ನು ಬರೆದ ಕೈಯೂ ಅವಳದೇ ಅಲ್ಲವೇ ಎಂದು ನಾನು ಮೆಲ್ಲಗೆ ಹೇಳಿದೆ.

“ಕೈ ಅವಳದ್ದೇ ಇರ್ಬೋದು. ಹಂಗಂತ ಪೆನ್ನು ಹಿಡಿದವ್ರಿಗೆಲ್ಲ ಪಾಲು ಕೊಡ್ತಾ ಕೂರ್ಬೇಕಾ ರೈಟ್ರೆ?” ಎಂದು ಸೋಮಯ್ಯ ನಕ್ಕ. ಕೇಸು ಬೇಡವೆಂದರೆ ಅವಳು ಬರೆದದ್ದನ್ನು ತನ್ನ ಕಣ್ಣೆದುರೇ ಸುಡಬೇಕು ಎಂದ. ಕಾರ್ಯದರ್ಶಿ ನನ್ನ ಕಡೆ ನೋಡಿದರು.

ದೇವಕ್ಕ ಅಳಲಿಲ್ಲ. ಕಟ್ಟನ್ನು ನನ್ನ ಮೇಜಿನ ಮೇಲಿಟ್ಟಳು.

“ಎಲ್ಲಾ ಬರ್ದಿಡ್ತೀರಲ್ಲ ರೈಟ್ರೆ, ಇದನ್ನೂ ಬರ್ದಿಡಿ.”

ಅಗ್ಗಿಷ್ಟಿಕೆಗೆ ಹಾಕಿದವನು ನಾನೇ. ಒಟ್ಟಿಗೆ ಹಾಕಿದರೆ ಹೊಗೆಯಾಗುತ್ತದೆಂದು ನಾಲ್ಕು ನಾಲ್ಕೇ ಹಾಳೆ ಹಾಕಿದೆ. ಸೋಮಯ್ಯ ಕೊನೆಯವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ.

ಮೂಲ ಪ್ರತಿಯನ್ನು ಮರದ ಪೆಟ್ಟಿಗೆಯಲ್ಲಿಟ್ಟು ಅರಗಿನ ಮೇಲೆ ತನ್ನ ಮುದ್ರೆ ಒತ್ತಿಸಿ ಹೋದ. ಮಳೆ ಮುಗಿದ ಮೇಲೆ ಪುಸ್ತಕಗಳನ್ನೆಲ್ಲ ಬಿಸಿಲಿಗೆ ಹರಡುವುದು ನಮ್ಮ ಪದ್ಧತಿ. ಪೆಟ್ಟಿಗೆ ತೆರೆಯಲು ಎರಡು ವರ್ಷವೂ ಒಪ್ಪಿಗೆ ಕೇಳಿದೆ. ತೆರೆದರೆ ಅವಳು ಬರುತ್ತಾಳೆ, ಬೇಡ ಎಂದ. ಮೂರನೆಯ ವರ್ಷ ಪೆಟ್ಟಿಗೆಯ ತಳವೇ ಕಳಚಿತು. ಒಳಗೆ ಗೆದ್ದಲು ಕಟ್ಟಿದ ಮಣ್ಣು, ಎರಡು ರಟ್ಟು. ಮುದ್ರೆ ಮಾತ್ರ ಹಾಗೇ ಇತ್ತು.

ದೇವಕ್ಕನಿಗೆ ಹೇಳಿಕಳುಹಿಸಿದೆ. ಬಂದು ಮಣ್ಣನ್ನು ಬೆರಳಲ್ಲಿ ಕೆದಕಿದಳು. ಹಾಡು ನೆನಪಿದೆಯೇ ಎಂದು ಕೇಳಿಬಿಟ್ಟೆ.

“ನೆನಪಿದ್ರೆ ಎಪ್ಪತ್ತು ದಿನ ನಡ್ಕೊಂಡು ಬರ್ತಿದ್ನಾ?”

ಈಗ ಹೊಸ ಕಾಯಿದೆ ಬಂದಿದೆ; ಪುಸ್ತಕಾಲಯಗಳಿಗೆ ಕೆಲವು ವಿನಾಯಿತಿ ಕೊಟ್ಟಿದ್ದಾರೆ. ಓದಿದಾಗ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಯಾರೂ ಕೇಳದ ಲೆಕ್ಕವನ್ನು ಅಚ್ಚುಕಟ್ಟಾಗಿ ಇಟ್ಟರೆ ಅದು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಈ ಕೆಲಸ ನನಗೆ ತಡವಾಗಿ ಕಲಿಸಿತು. ಆ ರಿಜಿಸ್ಟರಿಗೆ ಹುಳ ಹಿಡಿದಿಲ್ಲ. ದೇವಕ್ಕ ಯಾವ ದಿನ ಬಂದಳು, ಯಾವ ಪುಟದಿಂದ ಯಾವ ಪುಟದವರೆಗೆ ಬರೆದಳು, ಯಾವ ದಿನ ಸುಟ್ಟೆ, ಎಲ್ಲ ಅದರಲ್ಲಿದೆ. ಹಾಡಿನ ಸಾಲು ಒಂದೂ ಇಲ್ಲ.