ಲಗಮಪ್ಪ ಮಾಸ್ತರರ ಆರನೆಯ ದಂಡಯಾತ್ರೆ

ಸವದತ್ತಿ ಸೀಮೆಯ ಒಂದು ಹಳ್ಳಿಯ ಸಾಲೆಯಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ ಮಾಸ್ತರರಾಗಿದ್ದ ಲಗಮಪ್ಪನವರು ಈ ಭೂಮಂಡಲದಲ್ಲಿ ಯಾರಿಗೂ ಹೆದರಿದವರಲ್ಲ, ಗಣಿತವೊಂದನ್ನು ಬಿಟ್ಟು. ಕಾಯಂ ಆಗುವ ಪರೀಕ್ಷೆಯ ಮೇಲೆ ಐದು ಸಲ ದಂಡೆತ್ತಿ ಹೋಗಿದ್ದರು. ಐದು ಸಲವೂ ವ್ಯಾಕರಣದ ಕೋಟೆ ಹಿಡಿದು, ಭೂಗೋಳವನ್ನು ಸೂರೆ ಮಾಡಿ, ಗಣಿತದ ಹೆಬ್ಬಾಗಿಲಲ್ಲಿ ಮುಗ್ಗರಿಸಿ ಮನೆಗೆ ಬಂದಿದ್ದರು. ೧೯೦೯ರ ಆರನೆಯ ಯಾತ್ರೆಯೇ ಕೊನೆಯದು. ಮೂವತ್ತೈದು ತುಂಬಿದ ಮೇಲೆ ಪರೀಕ್ಷೆಗೆ ಕೂಡಿಸುವುದಿಲ್ಲ. ಪಾಸಾಗದವನಿಗೆ ಸಾಲೆಯೂ ಇಲ್ಲ.

"ಊರ ಮಂದಿಗೆಲ್ಲಾ ಕಲಿಸೀರಿ. ನಿಮಗ ಕಲಸಾವ್ರು ಒಬ್ರೂ ಸಿಗವಲ್ರೇನ್ರಿ?" ಎಂದಳು ಹೆಂಡತಿ ಬಾಯವ್ವ.

ಸಿಕ್ಕರು. ಬೈಲಹೊಂಗಲದ ಅರಳೆ ಪೇಟೆಯ ದಲಾಲ ಮಹಾಂತಪ್ಪ. ಸಹಿ ಮಾಡಲೂ ಬಾರದ ಈ ಮಹಾನುಭಾವನಿಗೆ ಬಾರದ ಲೆಕ್ಕವಿರಲಿಲ್ಲ. ಆದರೆ ಒಂದು ಷರತ್ತು. ಆ ಪೇಟೆಯಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಎದುರಿನವನ ಬೆರಳು ಒತ್ತಿ ತಿಳಿಸುತ್ತಾರೆ. ಮೂವತ್ತು ವರ್ಷ ಹೀಗೇ ದುಡಿದ ಮಹಾಂತಪ್ಪನಿಗೆ ಇನ್ನೊಬ್ಬರ ಕೈ ಸಿಗದೆ ಎರಡಕ್ಕೆರಡು ಕೂಡಿಸಲೂ ಬರುತ್ತಿರಲಿಲ್ಲ.

ಪ್ರತಿ ರವಿವಾರ ಮಾಸ್ತರರು ಮೂರು ಹರದಾರಿ ನಡೆದು ಹೋಗಿ ಗುರುವಿನ ಕೈಗೆ ಕೈ ಕೊಟ್ಟು ಕುಳಿತರು.

"ಚೀಲದಾಗ ಐದು ಬಿಳಿ ಹರಳು, ಏಳು ಕರಿ ಹರಳು ಅದಾವ್ರಿ. ನೋಡದ ಎರಡು ತಗದ್ರ, ಎರಡೂ ಬಿಳಿವ ಬರೂ ಸಂಭವ ಎಷ್ಟು?"

ವಲ್ಲಿಯ ಕೆಳಗೆ ಬೆರಳುಗಳ ಕಾಳಗ ನಡೆಯಿತು. "ಮೂವತ್ತಮೂರು ಸಲ ಕೈ ಹಾಕಿದ್ರ ಐದು ಸಲ," ಎಂದ ಮಹಾಂತಪ್ಪ. ಪುಸ್ತಕದ ಹಿಂದಿನ ಉತ್ತರವೂ ಅದೇ!

"ಹೆಂಗ ಬಂತ್ರಿ?"

"ಹೆಂಗಂತ ಕೇಳಬ್ಯಾಡ್ರಿ ಮಾಸ್ತರ. ಬಾಯಿ ಬಿಟ್ಟ ಕೂಡ್ಲೆ ಲೆಕ್ಕ ಹಾರಿ ಹೊಕ್ಕೈತಿ."

ಮುಂದಿನದು ಗಾಣದವನ ಲೆಕ್ಕ. ಎಣ್ಣೆಯ ದರ ಒಂದೊಂದು ಕಾಸು ಏರಿದಂತೆ ಹತ್ತು ಹತ್ತು ಗಿರಾಕಿ ಬಿಟ್ಟುಹೋಗುತ್ತಾರೆ. ಯಾವ ದರಕ್ಕೆ ಲಾಭ ಎಲ್ಲಕ್ಕಿಂತ ಹೆಚ್ಚು?

"ಎದುರಿನ ಗಾಣದಾವ ಏನ್ ದರ ಹಚ್ಯಾನ?"

"ಪುಸ್ತಕದಾಗ ಎದುರಿಗೆ ಗಾಣನ ಇಲ್ರಿ."

"ಒಂದ ಗಾಣದ ಊರಾಗ ಗಿರಾಕಿ ಬಿಟ್ಟು ಎಲ್ಲಿಗಿ ಹೊಕ್ಕಾರೊ ಮಾರಾಯಾ? ಈ ಪುಸ್ತಕ ಬರದಾಂವ ಪೇಟಿ ನೋಡಿಲ್ಲ!"

ಮೂರು ತಿಂಗಳಾಯಿತು. ಮಾಸ್ತರರಿಗೆ ಕಲಿತಂತೆ ಅನ್ನಿಸಿತು. ಕಲಿತದ್ದು ಲೆಕ್ಕವನ್ನಲ್ಲ, ವಲ್ಲಿಯನ್ನು ಎಂಬುದು ತಿಳಿಯಲು ಬೆಳಗಾವಿಗೆ ಹೋಗಬೇಕಾಯಿತು.

ಪರೀಕ್ಷೆಯ ಕೋಣೆಯಲ್ಲಿ ಮೂರನೆಯ ಪ್ರಶ್ನೆಗೇ ತಲೆ ಖಾಲಿಯಾಯಿತು. ಮಾಸ್ತರರು ಹಣೆಯ ಬೆವರು ಒರೆಸಿ, ವಲ್ಲಿಯನ್ನು ಮಂಡಿಯ ಮೇಲೆ ಹಾಸಿದರು. ಅವರ ಎಡಗೈ, ಒಡೆಯನ ಅಪ್ಪಣೆಗೂ ಕಾಯದೆ, ಪಕ್ಕದವನ ಕೈಯನ್ನು ವಲ್ಲಿಯ ಕೆಳಗೆ ಎಳೆದುಕೊಂಡಿತು.

ಪಕ್ಕದವನು ರಾಮದುರ್ಗದ ಕಡೆಯ ಶಟ್ಟೆಪ್ಪ. ಅವನೂ ಮಾಸ್ತರನೇ, ಆದರೆ ಮನೆತನದ ಕಸುಬು ಅರಳೆ. ವಲ್ಲಿಯ ಕೆಳಗೆ ಕೈ ಸಿಕ್ಕರೆ ಅರಳೆಯವನು ಏನು ಮಾಡಬೇಕೋ ಅದನ್ನೇ ಮಾಡಿದ. ನಾಲ್ಕು ಬೆರಳು ಒತ್ತಿದ. ಮಾಸ್ತರರು ಸಂತೋಷದಿಂದ ನಾಲ್ಕು ಎಂದು ಬರೆದರು.

ಮೇಲ್ವಿಚಾರಕರು ಬಂದು ವಲ್ಲಿ ಎತ್ತಿದರು. ಎರಡು ಕೈಗಳು ಇನ್ನೂ ಚೌಕಾಶಿಯಲ್ಲಿದ್ದವು.

"ನಕಲಲ್ರಿ ಸಾಹೇಬ್ರ, ರೂಢಿ!" ಎಂದರು ಲಗಮಪ್ಪ.

"ನನ್ನ ಯಾಕ ಹಿಡದ್ಯೊ, ನಿನ್ನ ಸಾಲಿ ಹಾಳಾಗ!" ಎಂದು ಶಟ್ಟೆಪ್ಪ ಅತ್ತ. ಇಬ್ಬರನ್ನೂ ಹೊರಗೆ ಹಾಕಿದರು.

ಮನೆಯಲ್ಲಿ ಬಾಯವ್ವ ಕೇಳಿದಳು, "ಏನಾತ್ರಿ?"

"ಭೂಗೋಳ ಚೊಲೊ ಬರದೇನಿ."

ಬಾಯವ್ವ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಹದಿನೈದು ದಿನಕ್ಕೆ ಹುಕುಂ ಬಂತು. ಮಾಸ್ತರರು ಹಾಜರಿ ಪುಸ್ತಕವನ್ನೂ ಗಂಟೆಯನ್ನೂ ಹೊಸಬರಿಗೆ ಒಪ್ಪಿಸಿ, ಸಾಲೆಯ ಹಿಂದೆಯೇ ಇದ್ದ ಭಾವಮೈದುನ ಮಾಳಪ್ಪನ ಜೋಳದ ಹೊಲದಲ್ಲಿ ಕಳೆ ತೆಗೆಯಲು ಕುಳಿತರು. ಕಿಟಕಿಯಿಂದ ಮಗ್ಗಿ ಕೇಳಿಬರುತ್ತಿತ್ತು.

"ಹದಿನೇಳೆಂಟ್ಲೆ ನೂರಾ ಇಪ್ಪತ್ತಾರು!"

ಹೊಸ ಮಾಸ್ತರ ತಿದ್ದಲಿಲ್ಲ. ಲಗಮಪ್ಪನವರು ಕಳೆ ಕೀಳುವ ಕುರ್ಚಿಗಿ ಹಿಡಿದುಕೊಂಡೇ ಎದ್ದು ನಿಂತರು, ಬಾಯಿ ತೆರೆದರು.

"ಯಾಕ ನಿಂತ್ರಿ ಮಾವಾ?" ಎಂದ ಮಾಳಪ್ಪ. "ನಿಮ್ಮ ಸಾಲು ಹಿಂದ ಬಿತ್ತ ನೋಡ್ರಿ."

ಅವರು ಬಾಯಿ ಮುಚ್ಚಿ ಮತ್ತೆ ಕುಳಿತರು. ಒಳಗೆ ಅದೇ ತಪ್ಪು ಮಗ್ಗಿ ಎರಡನೆಯ ಸಲ ಶುರುವಾಯಿತು.