ಅಡ್ಡ ಮಲಗಿಸಿದ ಅಣು

ಅರವತ್ತರ ದಶಕದ ಆರಂಭದಲ್ಲಿ ನಾನು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಪಾಠ ಮಾಡುವುದು ನನ್ನ ಕೆಲಸವಲ್ಲ; ಹುಡುಗರು ಲ್ಯಾಬಿನ ಗಾಜು ಒಡೆಯದಂತೆ ಕಾಯುವುದು ನನ್ನ ಕೆಲಸ. ಒಮ್ಮೆ ನಮ್ಮ ಲೆಕ್ಚರರು ಮಗಳ ಮದುವೆಗೆಂದು ಹದಿನೈದು ದಿನ ರಜ ಹಾಕಿದರು. "ಪಾಠ ನೀನೇ ನೋಡ್ಕೊಳ್ಳಪ್ಪ" ಎಂದು ಪುಸ್ತಕ ಕೈಗಿಟ್ಟು ಹೋದರು. ಇಪ್ಪತ್ತಮೂರು ವರ್ಷ, ಇಸ್ತ್ರಿ ಮಾಡಿದ ಷರಟು, ಕೈಯಲ್ಲಿ ಸೀಮೆಸುಣ್ಣ. ನನಗೆ ಕೋಡು ಮೂಡಿತು, ಕೇಳಬೇಕೆ!

ಪಾಠ ಮೊಸರಿನ ಹುಳಿಯದು, ಲ್ಯಾಕ್ಟಿಕ್ ಆಸಿಡ್. ನಡುವೆ ಒಂದು ಕಾರ್ಬನ್, ಅದಕ್ಕೆ ನಾಲ್ಕು ಕೈ, ನಾಲ್ಕು ಕೈಯಲ್ಲೂ ಬೇರೆ ಬೇರೆ ಗುಂಪು. ಹಾಗಿದ್ದಾಗ ಆ ಅಣು ಎರಡು ರೂಪದಲ್ಲಿ ಇರಬಹುದು, ನಮ್ಮ ಎಡಗೈ ಬಲಗೈ ಇರುವ ಹಾಗೆ. ಎರಡಕ್ಕೂ ಐದೇ ಬೆರಳು, ಆದರೂ ಎಡಗೈಯ ಗವಸಿಗೆ ಬಲಗೈ ಕೂರುವುದಿಲ್ಲ. ಇಷ್ಟನ್ನೂ ಗಿಳಿಪಾಠ ಒಪ್ಪಿಸಿದೆ. ಬೋರ್ಡಿನ ಮೇಲೆ ಕೂಡುವ ಗುರುತಿನಂತೆ ಎರಡು ಗೆರೆ ಎಳೆದು ತುದಿಗಳಲ್ಲಿ ನಾಲ್ಕು ಗುಂಪು ಬರೆದೆ. ಅಡ್ಡಗೆರೆಯ ತುದಿಗಳು ನಮ್ಮ ಕಡೆ ಚಾಚಿವೆ, ಉದ್ದಗೆರೆಯವು ಹಿಂದಕ್ಕೆ ಬಾಗಿವೆ ಎಂದು ತಿಳಿಯಬೇಕು ಅಂತಲೂ ಓದಿ ಹೇಳಿದೆ. ಅದನ್ನೇ ಮತ್ತೆ ಬರೆಯಲು ಹೋದಾಗ ಬೋರ್ಡಿನಲ್ಲಿ ಎತ್ತರಕ್ಕೆ ಜಾಗ ಸಾಲಲಿಲ್ಲ. ಇಡೀ ಚಿತ್ರವನ್ನು ಕಾಲು ಸುತ್ತು ತಿರುಗಿಸಿ ಅಡ್ಡಡ್ಡ ಬರೆದೆ.

"ಅದೇ ಅಣು, ಮಲಗಿದೆ ಅಷ್ಟೆ," ಎಂದೆ. ಎಲ್ಲರೂ ಬರೆದುಕೊಂಡರು.

ತರಗತಿಯಲ್ಲಿ ಹುಡುಗಿಯರು ಇಬ್ಬರೇ. ಒಬ್ಬಳು ಜಂಗಮಕೋಟೆ ಕಡೆಯವಳು, ರೇಷ್ಮೆಹುಳು ಸಾಕುವವರ ಮನೆಯವಳು. ಚಿಕ್ಕಬಳ್ಳಾಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಎಡಗೈಯಲ್ಲಿ ಬರೆಯುತ್ತಿದ್ದಳು. ಮಾರನೆಯ ದಿನ ಅವಳು ಒಂದು ಮೊರದಲ್ಲಿ, ಬೋರ್ಡಿನ ಚಿತ್ರಕ್ಕೊಂದರಂತೆ, ಎರಡು ಗೊಂಬೆ ಇಟ್ಟುಕೊಂಡು ಬಂದಳು. ನಡುವೆ ಜೇಡಿಮಣ್ಣಿನ ಉಂಡೆ, ಅದಕ್ಕೆ ಚುಚ್ಚಿದ ನಾಲ್ಕು ಹಿಪ್ಪುನೇರಳೆ ಕಡ್ಡಿ, ತುದಿಗಳಲ್ಲಿ ರೇಷ್ಮೆಗೂಡು, ಕಡಲೆಕಾಯಿ, ಹುಣಸೆಬೀಜ, ಒಣಮೆಣಸಿನಕಾಯಿ.

"ಸಾರ್, ನಿಂತಿರೋದು, ಮಲಗಿರೋದು ಒಂದೇ ಅಲ್ಲ ಸಾರ್. ಹೆಂಗೆ ತಿರುಗಿಸಿದ್ರೂ ಒಂದಕ್ಕೊಂದು ಕೂರ್ತಾ ಇಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಗೊಂಬೆಯ ಕಡೆ ತಿರುಗಿಯೂ ನೋಡದೆ, "ಎಡಗೈಲಿ ಕಟ್ಟಿದೀಯಲ್ಲಮ್ಮ, ಅದಕ್ಕೇ ಎಡವಟ್ಟಾಗಿದೆ!" ಎಂದೆ.

ತರಗತಿ ಹೋ ಎಂದು ನಕ್ಕಿತು. ನಾನೂ ನಕ್ಕೆ, ನನ್ನ ಜಾಣತನಕ್ಕೆ ನಾನೇ ಬೀಗಿದೆ. ಅವಳು ಅಳಲಿಲ್ಲ. ಮೊರವನ್ನು ನನ್ನ ಮೇಜಿನ ಮೇಲಿಟ್ಟು ಹೋಗಿ ಕೂತಳು. ಅವತ್ತಿನಿಂದ ಹುಡುಗರ ಬಾಯಲ್ಲಿ ಅವಳ ಹೆಸರೇ ಎಡವಟ್ಟು ಎಂದಾಯಿತು.

ಮಧ್ಯಾಹ್ನ ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಆ ಗೊಂಬೆಗಳನ್ನು ಕೈಗೆತ್ತಿಕೊಂಡೆ. ಗೂಡು ಕಡಲೆಕಾಯಿ ಹೊಂದಿಸಿದರೆ ಮೆಣಸಿನಕಾಯಿ ಹುಣಸೆಬೀಜ ಅದಲುಬದಲು. ಅವನ್ನು ಹೊಂದಿಸಿದರೆ ಇವು ಕೆಟ್ಟವು. ಪುಸ್ತಕ ತೆರೆದೆ. ಚಿತ್ರವನ್ನು ಅಡ್ಡ ಮಲಗಿಸಿದರೆ ಮುಂದೆ ಚಾಚಿದ್ದ ಕೈಗಳು ಹಿಂದಕ್ಕೆ, ಹಿಂದಿದ್ದವು ಮುಂದಕ್ಕೆ ಆಗಿಬಿಡುತ್ತವೆ. ನಾನು ಬರೆದದ್ದು ಮಲಗಿದ ಅಣುವಲ್ಲ, ಕನ್ನಡಿಯೊಳಗಿನ ಅಣು. ಅಯ್ಯೋ ನನ್ನ ಮೂತಿಗಿಷ್ಟು! ಪುಸ್ತಕವಿದ್ದ ನನಗೆ ಕಾಣದ್ದು ಅವಳಿಗೆ ಕಂಡಿತ್ತು.

ನಾಳೆ ತರಗತಿಯಲ್ಲಿ ಹೇಳಿಬಿಡೋಣ ಎಂದುಕೊಂಡೆ. ನಾಳೆ ನಾಲಿಗೆ ಏಳಲಿಲ್ಲ. ನಾಡಿದ್ದೂ ಏಳಲಿಲ್ಲ. ಅಷ್ಟರಲ್ಲಿ ಲೆಕ್ಚರರು ಬಂದು ಮುಂದಿನ ಪಾಠ ಹಿಡಿದರು.

ಆಮೇಲೆ ಒಂದು ದಿನ ಅವಳ ತಂದೆ ಬಂದರು. ಲ್ಯಾಬಿನ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಮೇಷ್ಟ್ರೇ, ಮಗು ಒಂದಿನ ಓದ್ತೀನಿ ಅಂತಾಳೆ, ಒಂದಿನ ನನ್ ಕೈಲಾಗಲ್ಲ ಅಂತಾಳೆ. ನಮ್ಗೇನ್ ತಿಳೀತದೆ? ಹುಳ ಮೂರನೇ ಜ್ವರ ಎದ್ದವೆ, ಪೊರೆ ಬಿಟ್ಟು ಒಂದೇ ಸಮ ಮೇಯ್ತಾವೆ, ಸೊಪ್ಪು ಹಾಕಕ್ಕೆ ಮನೇಲಿ ಕೈ ಸಾಲ್ದು. ಈ ವಿದ್ಯೆ ಅವಳಿಗೆ ಹತ್ತೋದಾದ್ರೆ ನಾವು ಹೆಂಗೋ ಮಾಡ್ಕೋತೀವಿ. ಹತ್ತಲ್ಲ ಅಂದ್ರೆ ಇವತ್ತೇ ಕರ್ಕೊಂಡ್ ಹೋಗ್ತೀನಿ. ನೀವು ಹೇಳ್ದಂಗೆ."

ಅವಳು ಉಳಿದರೆ ಒಂದಲ್ಲ ಒಂದು ದಿನ ಮತ್ತೆ ಅಂಥ ಗೊಂಬೆ ಕಟ್ಟಿ ಲೆಕ್ಚರರಿಗೆ ತೋರಿಸುತ್ತಾಳೆ. ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಸುಳ್ಳು ಹೇಳುತ್ತಿದ್ದೇನೆಂದು ಚೆನ್ನಾಗಿ ಗೊತ್ತಿದ್ದೂ ಹೇಳಿದೆ: "ಸ್ವಲ್ಪ ಕಷ್ಟಾನೇ ಯಜಮಾನ್ರೇ."

"ಸರೇ ಬಿಡಿ," ಎಂದರು. ಸಂಜೆಯ ಬಸ್ಸಿಗೆ ಅವಳನ್ನು ಕರೆದುಕೊಂಡು ಹೋದರು. ತಡೆಯಬೇಕೆಂದಿದ್ದರೆ ಬಸ್ ಸ್ಟ್ಯಾಂಡು ಕೂಗಳತೆಯಲ್ಲಿತ್ತು. ನಾನು ಲ್ಯಾಬಿನ ಬೀಗ ಹಾಕಿ ಕಾಫಿ ಕುಡಿಯಲು ಹೋದೆ.

ಐದಾರು ವರ್ಷ ಕಳೆದು ನಾನೂ ಲೆಕ್ಚರರನಾದ ಮೇಲೆ, ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನಲ್ಲಿ ಆ ತಂದೆ ನನ್ನ ಗುರುತು ಹಿಡಿದರು. ಗೂಡು ಮಾರಿ ಬಂದಿದ್ದರು. ಎರಡೂ ಕೈ ಮುಗಿದರು.

"ಬೇರೆಯವ್ರಾಗಿದ್ರೆ ಮುಖದಾಕ್ಷಿಣ್ಯಕ್ಕೆ ಓದ್ಲಿ ಬಿಡಿ ಅಂದಿರೋರು. ನೀವು ಇದ್ದಿದ್ದು ಇದ್ದಂಗೆ ಹೇಳಿದ್ರಿ. ಈಗ ಚಿಕ್ಕೋಳೂ ಸೈನ್ಸೇ ಬೇಕು ಅಂತ ಹಠ ಹಿಡ್ದವ್ಳೆ. ನೀವೇ ಒಂದ್ಸಲ ನೋಡಿ ಹೇಳ್ಬೇಕು."

"ಕಳ್ಸಿ, ಹತ್ತುತ್ತೆ," ಎಂದೆ.

"ನೋಡ್ದೇನೇ ಹೇಳ್ತೀರಲ್ಲ!" ಎಂದು ನಕ್ಕರು.

ಆ ನಗು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. "ದೊಡ್ಡೋಳಿಗೂ ಹತ್ತುತ್ತಿತ್ತು ಯಜಮಾನ್ರೇ. ತಪ್ಪು ನನ್ನದು. ನನ್ನ ತಪ್ಪು ಅವಳು ಹಿಡಿದಿದ್ದಳು, ಅದಕ್ಕೇ ಹಾಗಂದೆ."

ಅವರ ಕೈ ತಾನಾಗಿ ಕೆಳಗಿಳಿಯಿತು. "ಅವತ್ತೇ ಗೊತ್ತಿತ್ತಾ?"

"ಗೊತ್ತಿತ್ತು."

ಬಯ್ಯಲಿ, ಹೊಡೆಯಲಿ ಎಂದು ನಿಂತೆ. ಅವರು ಗೂಡಿನ ಖಾಲಿ ಚೀಲ ಮಡಿಚಿ ಕಂಕುಳಲ್ಲಿಟ್ಟುಕೊಂಡರು. ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು, ನನ್ನತ್ತ ತಿರುಗದೆಯೇ ಹೇಳಿದರು: "ಈ ಮಾತು ಅವಳ ಕಿವಿಗೆ ಬೀಳೋದು ಬ್ಯಾಡ ಮೇಷ್ಟ್ರೇ. ತನಗೆ ಬುದ್ಧಿ ಸಾಲ್ದು ಅನ್ಕೊಂಡು ಹೆಂಗೋ ಸಮಾಧಾನವಾಗವ್ಳೆ."

ಸರಿ ಎಂದೆ. ಇವತ್ತಿನವರೆಗೂ ಅವಳಿಗೆ ಹೇಳಿಲ್ಲ.